ಹಿತ್ತಿಲು ಹೋದ ಮನೆಗೆ ಕಿಟಕಿಯ ಗಿಡ

ಈಚೆಗೆ ಬಾಗಲಕೋಟೆಯ ನವನಗರದ ದಂಪತಿಗಳು ಹದಿನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ನನ್ನ ಚಿಕಿತ್ಸಾಲಯಕ್ಕೆ ಓಡಿ ಬಂದರು. ತುಟಿ ಊದಿತ್ತು, ಜೊಲ್ಲು ಸುರಿಯುತ್ತಿತ್ತು, ಅಳುವುದಕ್ಕೂ ಕೂಸಿಗೆ ತ್ರಾಣವಿರಲಿಲ್ಲ. ಪಡಸಾಲೆಯ ಮೂಲೆಯಲ್ಲಿಟ್ಟಿದ್ದ, ಬಿಳಿ ಮಚ್ಚೆಯ ಅಗಲ ಎಲೆಗಳ ಡೈಫನ್‌ಬೇಕಿಯಾ ಗಿಡವನ್ನು ಅದು ಕಚ್ಚಿ ಅಗಿದಿತ್ತು. ಆ ಗಿಡದ ಎಲೆ, ದಂಟುಗಳಲ್ಲಿ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಅಗಿದೊಡನೆ ನಾಲಿಗೆಗೂ ಗಂಟಲಿಗೂ ನಾಟುತ್ತವೆ. ಬಾಯಿ ಒರೆಸಿ, ತಣ್ಣನೆಯ ಹಾಲು ಗುಟುಕರಿಸಿ, ಗಂಟಲು ಊದಿದರೆ ಉಸಿರಿಗೆ ತೊಡಕಾದೀತೆಂದು ಕೂಡಲೇ ಮಕ್ಕಳ ಆಸ್ಪತ್ರೆಗೆ ಕಳುಹಿಸಿದೆ. ದೈವಕೃಪೆ, ಮರುದಿನ ಕೂಸು ನಗುತ್ತಿತ್ತು. ಆದರೆ ಅದರ ತಂದೆಯ ಮಾತು ನನ್ನ ಮನಸ್ಸಿನಲ್ಲಿಯೇ ಉಳಿಯಿತು: “ಮನಿ ಗಾಳಿ ಸ್ವಚ್ಛ ಮಾಡ್ತೈತಿ ಅಂದ್ರ್ರೀ ಡಾಕ್ಟರ್ ಸಾಹೇಬ್ರ, ನಾನೂರು ರೂಪಾಯಿ ಕೊಟ್ಟು ತಂದೀನಿ.”

ಈ ನಂಬಿಕೆಯ ಮೂಲವನ್ನು ಓದುಗರು ತಿಳಿದಿರಬೇಕು. 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ವಿಜ್ಞಾನಿ ವುಲ್ವರ್ಟನ್ ಮತ್ತು ಸಂಗಡಿಗರು ಕೆಲವು ಗಿಡಗಳನ್ನು ಗಾಳಿಯಾಡದ ಚಿಕ್ಕ ಪೆಟ್ಟಿಗೆಗಳಲ್ಲಿಟ್ಟು, ಅವು ಬೆಂಜೀನ್‌ನಂತಹ ವಿಷವಾಯುಗಳನ್ನು ಕಡಿಮೆ ಮಾಡುತ್ತವೆಂದು ಕಂಡರು. ಅವರ ಪ್ರಯೋಗ ಸುಳ್ಳಲ್ಲ. ಆದರೆ ನಮ್ಮ ಮನೆ ಮುಚ್ಚಿದ ಪೆಟ್ಟಿಗೆಯಲ್ಲ. ಇಂತಹ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕಕ್ಕೆ ತಂದು 2019ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಬಾಗಿಲು ಕಿಟಕಿಗಳ ಮೂಲಕ ತಾನಾಗಿ ನಡೆಯುವ ಗಾಳಿಯ ವಿನಿಮಯಕ್ಕೆ ಸರಿಗಟ್ಟಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡಗಳು ಬೇಕೆಂದು ತೋರಿಸಿತು. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಗೆ ಕಡಿಮೆಯೆಂದರೂ ತೊಂಬತ್ತು ಗಿಡಗಳಾದವು. ಆಮೇಲೆ ಮನುಷ್ಯರು ಎಲ್ಲಿ ಮಲಗಬೇಕು? ಗಾಳಿ ಶುದ್ಧವಾಗಬೇಕಾದರೆ ಬೆಳಗ್ಗೆ ಎದುರುಬದುರಿನ ಎರಡು ಕಿಟಕಿಗಳನ್ನು ತೆರೆದಿಡಿ. ಸೊಳ್ಳೆಬತ್ತಿಯ ಹೊಗೆಯನ್ನು ಮಲಗುವ ಕೋಣೆಯಿಂದ ದೂರವಿಡಿ. ಇದಕ್ಕೆ ಖರ್ಚಿಲ್ಲ.

ಹಾಗಾದರೆ ಮನೆಯೊಳಗೆ ಗಿಡವೇ ಬೇಡವೆ? ಖಂಡಿತವಾಗಿ ಬೇಕು. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗಿದಾಗ ನಾವು ಕಳೆದುಕೊಂಡದ್ದು ಗೋಡೆ, ಮಾಳಿಗೆಗಳನ್ನಷ್ಟೇ ಅಲ್ಲ, ಹಿತ್ತಿಲನ್ನು ಕೂಡ. ಬಚ್ಚಲ ನೀರು ಹರಿದುಹೋಗುವಲ್ಲಿ ದೊಡ್ಡಪತ್ರೆ, ಬೇಲಿಗೆ ಅಮೃತಬಳ್ಳಿ, ಮೂಲೆಗೆ ಲೋಳೆಸರ: ಅಜ್ಜಿಯರ ಔಷಧದ ಅಂಗಡಿ ಅದಾಗಿತ್ತು. ಪರಿಹಾರಧನದ ಪಟ್ಟಿಯಲ್ಲಿ ಮನೆಗೆ ಬೆಲೆ ಕಟ್ಟಿದರು. ಆ ಸೊಪ್ಪಿನ ಗುರುತಿಗೆ ಯಾರು ಬೆಲೆ ಕಟ್ಟಿಯಾರು? ಇಂದು ನವನಗರದ ಸೆಕ್ಟರುಗಳಲ್ಲಿ ಬೆಳೆದ ತರುಣ ತಾಯಂದಿರಿಗೆ ದೊಡ್ಡಪತ್ರೆಯನ್ನು ತೋರಿಸಿದರೆ ಹೆಸರು ಹೇಳಲು ಬರುವುದಿಲ್ಲ. ಇದನ್ನು ದೂರಿಗಾಗಿ ಬರೆಯುತ್ತಿಲ್ಲ. ನನ್ನ ಸ್ವಂತ ಸೊಸೆಯೂ ಅವರಲ್ಲೊಬ್ಬಳು. ಹಣ ಕೊಟ್ಟು ಅಲಂಕಾರದ ಗಿಡವನ್ನು ತರುವ ಬದಲು, ಹೋದ ಹಿತ್ತಿಲಿನ ನಾಲ್ಕು ಗಿಡಗಳನ್ನು ಕಿಟಕಿಗೆ ಕರೆತನ್ನಿ ಎಂಬುದೇ ನನ್ನ ವಾದ.

ದೊಡ್ಡಪತ್ರೆಯ ಗೇಣುದ್ದದ ಕಡ್ಡಿಯನ್ನು ನೆರೆಯವರಿಂದ ಕೇಳಿ ತಂದು, ಕೆಳಗಿನ ಎಲೆಗಳನ್ನು ಕಿತ್ತು ಹಸಿ ಮಣ್ಣಿಗೆ ಊರಿದರೆ ಎರಡು-ಮೂರು ವಾರಗಳಲ್ಲಿ ಬೇರು ಬಿಡುತ್ತದೆ. ಲೋಳೆಸರದ ಬುಡದಲ್ಲಿ ಮರಿಗಳು ತಾವಾಗಿ ಹುಟ್ಟುತ್ತವೆ. ಅಮೃತಬಳ್ಳಿಯ ತುಂಡು ಕಿಟಕಿಯ ಸರಳನ್ನು ಹಿಡಿದು ಏರುತ್ತದೆ. ಅದನ್ನು ಹೋಲುವ ಬೇರೆ ಬಳ್ಳಿಯೂ ಇರುವುದರಿಂದ ಬಲ್ಲವರಿಗೆ ತೋರಿಸದೆ ಬಳಸಬಾರದು. ಈ ಮೂರಕ್ಕೂ ಬೆಳಕಿನ ಕಿಟಕಿ ಬೇಕು. ತುಳಸಿಗಂತೂ ದಿನಕ್ಕೆ ನಾಲ್ಕಾರು ತಾಸು ನೇರ ಬಿಸಿಲಿಲ್ಲದಿದ್ದರೆ ಆಗದು. ಅದನ್ನು ಒಳಗಿಟ್ಟು ಕೊರಗಿಸದೆ ಮೆಟ್ಟಿಲ ಬಳಿ ಇಡಿ. ನಡುಹಗಲಿನಲ್ಲಿ ದೀಪ ಹಚ್ಚದೆ ಪತ್ರಿಕೆಯನ್ನು ಓದಲಾಗದ ಮೂಲೆಯಲ್ಲಿ ಯಾವ ಗಿಡವೂ ಬಹಳ ಕಾಲ ಬದುಕದು.

ಇಳಕಲ್ಲಿನ ನೇಕಾರ ಬಂಧುಗಳಿಗೆ ಒಂದು ಮಾತು. ನಿಮ್ಮ ಮನೆಯ ಕಿಟಕಿ ಮೊದಲು ಮಗ್ಗದ್ದು, ಆಮೇಲೆ ಗಿಡದ್ದು. ಎಳೆಯ ಮೇಲೆ ಬೀಳುವ ಬೆಳಕಿಗೆ ಡಬ್ಬಿಯನ್ನು ಅಡ್ಡ ಇಡಬೇಡಿ. ನೂಲಿನ ಧೂಳು ಎಲೆಗಳ ಮೇಲೆ ಕೂಡುವುದರಿಂದ ವಾರಕ್ಕೊಮ್ಮೆ ಹಸಿ ಬಟ್ಟೆಯಿಂದ ಒರೆಸಿ.

ಮಣ್ಣನ್ನು ಕೊಳ್ಳಬೇಕಿಲ್ಲ. ಹುನಗುಂದದ ಎರೆಮಣ್ಣು ಹೊಲಕ್ಕೆ ಬಂಗಾರ, ಆದರೆ ಡಬ್ಬಿಗೆ ಶತ್ರು: ನೆಂದಾಗ ಉಬ್ಬಿ ಬೇರನ್ನು ಉಸಿರುಗಟ್ಟಿಸುತ್ತದೆ, ಒಣಗಿದಾಗ ಬಿರಿದು ಬೇರನ್ನು ಹರಿಯುತ್ತದೆ. ಅದರೊಂದಿಗೆ ಬಾದಾಮಿ ಕಡೆಯ ಮರಳುಮಿಶ್ರಿತ ಮಸಾರಿ ಮಣ್ಣನ್ನೂ ಚೆನ್ನಾಗಿ ಕಳಿತ ಸಗಣಿಗೊಬ್ಬರವನ್ನೂ ಸಮಪಾಲು ಬೆರೆಸಿ. ಹಸಿ ಸಗಣಿ ಬೇಡ. ಎಣ್ಣೆಯ ಡಬ್ಬಿ, ಒಡಕು ಕೊಡ ಯಾವುದಾದರೂ ಸರಿ. ತಳಕ್ಕೆ ಮೂರು ತೂತುಗಳಿರಲಿ. ಸವುಳು ಬೋರ್‌ವೆಲ್ ನೀರಿನಿಂದ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟಿದರೆ ಆ ಪದರನ್ನು ಕೆರೆದು ತೆಗೆದು, ಮಳೆಯ ನೀರನ್ನೋ ಅಕ್ಕಿ-ಬೇಳೆ ತೊಳೆದ ನೀರನ್ನೋ ಹಾಕಿ.

ಮನೆಯೊಳಗಿನ ಗಿಡಗಳು ಬಾಯಾರಿ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಬಹಳ. ನನ್ನ ಚಿಕಿತ್ಸಾಲಯದಲ್ಲಿಯೇ ಎರಡು ಲೋಳೆಸರಗಳನ್ನು ದಿನವೂ ಪ್ರೀತಿಯಿಂದ ನೀರುಣಿಸಿ ಕೊಳೆಸಿದ್ದೇನೆ. ರೋಗಿಗಳಿಗೆ ಮಿತಾಹಾರವನ್ನು ಬೋಧಿಸುವವನ ಕಥೆ ಇದು! ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಿ. ಒಣಗಿದ್ದರೆ ಮಾತ್ರ ನೀರು.

ಇನ್ನು ನನಗೆ ನಿಜವಾಗಿ ಭಯ ಹುಟ್ಟಿಸುವುದು ಡಬ್ಬಿಯ ಕೆಳಗಿನ ತಟ್ಟೆ ಮತ್ತು ಮನಿಪ್ಲಾಂಟ್ ಇಟ್ಟ ಗಾಜಿನ ಬಾಟಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಗಟಾರವೇ ಬೇಕಿಲ್ಲ. ನಿಂತ ತಿಳಿನೀರಿನಲ್ಲಿ ಸುಮಾರು ಒಂದು ವಾರ-ಹತ್ತು ದಿನಗಳಲ್ಲಿ ತತ್ತಿಯಿಂದ ಸೊಳ್ಳೆಯಾಗುತ್ತದೆ. ತತ್ತಿಗಳು ಪಾತ್ರೆಯ ಗೋಡೆಗಂಟಿ, ಒಣಗಿದರೂ ತಿಂಗಳುಗಟ್ಟಲೆ ಬದುಕಬಲ್ಲವು. ಆದುದರಿಂದ ನೀರು ಚೆಲ್ಲಿದರೆ ಸಾಲದು. ವಾರಕ್ಕೊಂದು ದಿನವನ್ನು ಗೊತ್ತುಮಾಡಿಕೊಂಡು ತಟ್ಟೆಯನ್ನೂ ಬಾಟಲಿಯನ್ನೂ ಉಜ್ಜಿ ತೊಳೆಯಬೇಕು. ಮನಿಪ್ಲಾಂಟಿನಲ್ಲಿಯೂ ಮೇಲೆ ಹೇಳಿದ ಹರಳುಗಳೇ ಇರುವುದರಿಂದ ಅದು ಕೂಸಿನ ಕೈಗೆಟುಕದ ಎತ್ತರದಲ್ಲಿರಲಿ.

ಮನೆಮದ್ದಿಗೂ ಮಿತಿಯುಂಟು. ನೆಗಡಿ-ಕೆಮ್ಮಿಗೆ ದೊಡ್ಡಪತ್ರೆಯ ಎಲೆಯನ್ನು ಬಾಡಿಸಿ ಹಿಂಡಿದ ರಸಕ್ಕೆ ಜೇನು ಬೆರೆಸಿ ಕೊಡುವುದು ರೂಢಿ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ಕೊಡಲೇಬಾರದು. ಲೋಳೆಸರವನ್ನು ಕೊಯ್ದಾಗ ಒಸರುವ ಹಳದಿ ರಸ ತೀಕ್ಷ್ಣ ವಿರೇಚಕ. ಗರ್ಭಿಣಿಯರು ಅದನ್ನು ಸೇವಿಸಕೂಡದು. ಕೂಸು ಪಕ್ಕೆ ಸೆಳೆದು ಉಸಿರಾಡುತ್ತಿದ್ದರೆ ಎಲೆ ಹುಡುಕುತ್ತ ಕೂಡಬೇಡಿ, ಆಸ್ಪತ್ರೆಗೆ ಹೊರಡಿ.

ಆ ತಂದೆ ಮುಂದಿನ ವಾರ ಮತ್ತೆ ಬಂದಿದ್ದರು. ಡೈಫನ್‌ಬೇಕಿಯಾವನ್ನು ಕಿತ್ತೆಸೆದ ಕುಂಡ ಖಾಲಿಯಿದೆ ಎಂದರು. ದೊಡ್ಡಪತ್ರೆಯ ಎರಡು ಕಡ್ಡಿಗಳನ್ನು ಮುರಿದು ಕೊಟ್ಟೆ. ಬೇಕಾದವರು ನೀವೂ ಬನ್ನಿ. ಹೊರರೋಗಿಗಳ ವೇಳೆ ಮುಗಿದ ಮೇಲೆ ಬಂದರೆ ಅನುಕೂಲ. ಕಡ್ಡಿ ಸುತ್ತಿಕೊಳ್ಳಲು ಒಂದು ಹಸಿ ಬಟ್ಟೆ ತನ್ನಿ.