ಪ್ಲಗ್ ಹಾಕದೆ ದುಡ್ಡು ಕೊಡಬೇಡಿ (ಗಿಟಾರ್ ಕಥೆ, ಭಾಗ 3)

ನಮ್ಮ ಲಕ್ಕೂರು ಕಡೆ ಹಸು ಕೊಳ್ಳೋಕೆ ಹೋದ್ರೆ ತಾತ ಏನು ಮಾಡ್ತಿದ್ರು? ಹಲ್ಲು ನೋಡ್ತಿದ್ರು, ಕೆಚ್ಚಲು ಮುಟ್ಟಿ ನೋಡ್ತಿದ್ರು, ಹಾಲು ಕರೆದು ನೋಡಿದ ಮೇಲೇ ಮುಂಗಡ. ಅದೇ ಮನೆ ಹುಡುಗರು ನಾವು, 15 ಸಾವಿರದ ಎಲೆಕ್ಟ್ರಿಕ್ ಗಿಟಾರನ್ನ ಬಣ್ಣ ನೋಡಿ ಬುಕ್ ಮಾಡ್ತೀವಿ. ಅದೂ ಅಪ್ಪ ಡೈರಿಗೆ ಹಾಲು ಹಾಕಿ ಕೂಡಿಟ್ಟ ದುಡ್ಡಲ್ಲಿ!

ಹೋದ ತಿಂಗಳು ಮಾಲೂರಲ್ಲಿ ರೈಲು ಹತ್ತಿ ಬೆಂಗಳೂರಿನ ಒಂದು ಅಂಗಡಿಗೆ ಹೋಗಿದ್ದೆ. ಹೆಸರು ಬೇಡ. "ತಗೊಳ್ಳೋದಾದ್ರೆ ಮಾತ್ರ ಮುಟ್ಟಪ್ಪಾ" ಅಂದ್ರು. ಮುಟ್ಟದೆ ತಗೊಳ್ಳೋದು ಹೇಗೆ ಸಾರ್ ಅಂತ ಕೇಳಬೇಕಿತ್ತು. ಕೇಳ್ಲಿಲ್ಲ. ನನಗೆ ನುಡಿಸೋಕೆ ಬರೋದು ಮೂರೇ ಕಾರ್ಡ್ಸ್, ತಪ್ಪಿದ್ರೆ ನಗ್ತಾರೆ ಅನ್ನೋ ಭಯ. ಕೆಟ್ಟ ಗಿಟಾರುಗಳು ಮಾರಾಟ ಆಗೋದೇ ಈ ಭಯದಿಂದ ಕಣ್ರೋ.

👉 ಇಲ್ಲಿ ಕೇಳಿ. ಎಲೆಕ್ಟ್ರಿಕ್ ಗಿಟಾರಿಗೆ ಪಿಕಪ್ಪೇ ಗಂಟಲು. ಅಯಸ್ಕಾಂತಕ್ಕೆ ಸುತ್ತಿದ ತಂತಿ ಅದು. ಮೇಲೆ ಸ್ಟ್ರಿಂಗ್ ಅದುರಿದ್ರೆ ಕರೆಂಟ್ ಹುಟ್ಟುತ್ತೆ, ಆಂಪ್ ಅದನ್ನ ಸದ್ದು ಮಾಡುತ್ತೆ. ಪ್ಲಗ್ ಹಾಕದೆ ನೋಡಿದ್ರೆ ನೀವು ನೋಡಿದ್ದು ಬರೀ ಮರ.

ಡಿಸ್ಟಾರ್ಷನ್ ಆಫ್ ಮಾಡಿಸಿ. ಅದರೊಳಗೆ ಎಲ್ಲ ದೋಷನೂ ಮುಚ್ಚಿಹೋಗುತ್ತೆ. ಸಿಂಗಲ್ ಕಾಯಿಲ್ ಪಿಕಪ್ ಸ್ವಲ್ಪ ಗುಂಯ್ ಅನ್ನುತ್ತೆ, ಅದು ಅದರ ಗುಣ. (1955ರಲ್ಲಿ ಗಿಬ್ಸನ್‌ನ ಸೇತ್ ಲವರ್ ಹಂಬಕರ್ ಮಾಡಿದ್ದೇ ಈ ಗುಂಯ್ ಅಡಗಿಸೋಕೆ.) ಆದ್ರೆ ನಾಬ್ ತಿರುಗಿಸಿದಾಗ ಕರಕರ ಅಂದ್ರೆ, ಕೇಬಲ್ ಅಲ್ಲಾಡಿಸಿದಾಗ ಸದ್ದು ಹೋಗಿಬಂದ್ರೆ, ಬಿಡಬೇಡಿ, ಕೇಳಿ. ಪ್ರತಿ ಸ್ಟ್ರಿಂಗನ್ನೂ ಪ್ರತಿ ಫ್ರೆಟ್ಟಲ್ಲೂ ಒತ್ತಿ. ಎಲ್ಲಾದ್ರೂ ಸ್ವರ ಸತ್ತುಹೋದ್ರೆ ಆ ಗಿಟಾರ್ ಬೇಡ. 12ನೇ ಫ್ರೆಟ್ ಮೇಲೆ ಬರೀ ಬೆರಳು ತಾಗಿಸಿ ಮೀಟಿ, ಆಮೇಲೆ ಒತ್ತಿ ಮೀಟಿ. ಎರಡೂ ಒಂದೇ ಸ್ವರ ಬರಬೇಕು. ಬರದಿದ್ರೆ ಅಲ್ಲೇ ಸರಿಮಾಡಿಸಿ, ಅದು ರಿಪೇರಿ ಆಗೋ ವಿಷಯ.

👉 "ಹೊಸಬರಿಗೆ ಇದೆಲ್ಲ ಏನು ಗೊತ್ತಾಗುತ್ತೆ?" ಅಂತಾರೆ. ಹೊಸಬರಿಗೇ ಇದು ಜಾಸ್ತಿ ಬೇಕು! ಸ್ಟ್ರಿಂಗ್ ಎತ್ತರದಲ್ಲಿದ್ರೆ ಬೆರಳು ಉರಿಯುತ್ತೆ, ಒತ್ತಿದ ಸ್ವರ ಅಪಸ್ವರ ಆಗುತ್ತೆ. ಪಳಗಿದವನು ಗಿಟಾರನ್ನ ಬೈತಾನೆ. ಹೊಸಬ ತನ್ನನ್ನೇ ಬೈಕೊಂಡು, ನನ್ನ ಕೈಗೆ ಸಂಗೀತ ಹತ್ತಲ್ಲ ಅಂತ ಮೂಲೆಗಿಡ್ತಾನೆ. ಆನ್‌ಲೈನಲ್ಲಿ ರಿಟರ್ನ್ ಇದೆ ಅಂತೀರಾ? ತಪ್ಪು ಗಿಟಾರ್‌ದಾ ಬೆರಳಿಂದಾ ಅಂತ ತಿಳಿಯೋಷ್ಟರಲ್ಲಿ ಆ ದಿನಗಳು ಮುಗಿದಿರುತ್ತೆ.

ಭಾನುವಾರ ಮತ್ತೆ ಹೋಗ್ತಿದ್ದೀನಿ, ಬೇರೆ ಅಂಗಡಿಗೆ. ಅದೇ ಮೂರು ಕಾರ್ಡ್ಸ್ ನುಡಿಸ್ತೀನಿ, ಯಾರು ಬೇಕಾದ್ರೂ ನಗಲಿ. ಬರೋರು ಕಾಮೆಂಟ್ ಹಾಕಿ, ಮಾಲೂರು ಸ್ಟೇಷನ್‌ನಲ್ಲಿ ಸಿಗೋಣ.

#ಲಕ್ಕೂರು #ಗಿಟಾರ್‌ಕಥೆ