ಬಟ್ಟಲಲ್ಲಿ ಕಲ್ಲುಪ್ಪು ಇಟ್ಟರೆ ಕೋಣೆಯ ತೇವ ಹೋಗುತ್ತದೆಯೇ?

ಕರಾವಳಿ, ಮಲೆನಾಡಿನಲ್ಲಿ ಮಳೆ ಹಿಡಿದರೆ ಸಾಕು, ಗಾಳಿಯಾಡದ ಕೋಣೆಯ ಮೂಲೆಯಲ್ಲಿ ಒಂದು ಬಟ್ಟಲು ಕಲ್ಲುಪ್ಪು ಇಟ್ಟರೆ ತೇವವೆಲ್ಲ ಮಾಯವಾಗುತ್ತದೆ ಎಂಬ ಸಲಹೆ ವಾಟ್ಸಾಪ್‌ನಲ್ಲಿ ಸುತ್ತತೊಡಗುತ್ತದೆ. ಇದು ಎಷ್ಟು ನಿಜ?

ಅರ್ಧ ಮಾತ್ರ. ಉಪ್ಪು ತೇವ ಹೀರುವುದು ನಿಜ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದು ಅದಕ್ಕೇ. ಆದರೆ ಗಾಳಿಯ ಆರ್ದ್ರತೆ ಸುಮಾರು ಶೇ 75 ದಾಟಿದ ಮೇಲಷ್ಟೇ ಹೀಗಾಗುತ್ತದೆ. ಬೂಷ್ಟು ಹಿಡಿಯದಿರಲು ಆರ್ದ್ರತೆ ಶೇ 60ಕ್ಕಿಂತ ಕೆಳಗಿರಬೇಕು. ಎಷ್ಟು ಬಟ್ಟಲು ಇಟ್ಟರೂ ಉಪ್ಪು ಅದನ್ನು ಅಲ್ಲಿಗೆ ಇಳಿಸಲಾರದು.

ತೇವ ಎಲ್ಲಿಂದ ಬರುತ್ತದೆ? ಹೊರಗಿನ ಗಾಳಿಯ ಜೊತೆಗೆ ನಮ್ಮ ಉಸಿರು, ಅಡುಗೆ, ಸ್ನಾನದಿಂದಲೂ ಬರುತ್ತದೆ. ಕೋಣೆಯೊಳಗೆ ಹಗ್ಗ ಕಟ್ಟಿ ಒಣಹಾಕಿದ ಒಂದು ಬಕೆಟ್ ಬಟ್ಟೆಯಿಂದಲೇ ಲೀಟರಿಗೂ ಹೆಚ್ಚು ನೀರು ಗಾಳಿ ಸೇರಬಹುದು.

ಏನು ಮಾಡಬಹುದು?

- ಬಟ್ಟೆಯನ್ನು ಜಗಲಿಯಲ್ಲಿ ಒಣಗಿಸಿ.
- ಅಡುಗೆ, ಸ್ನಾನ ಮುಗಿದ ಮೇಲೂ ಸ್ವಲ್ಪ ಹೊತ್ತು ಎಕ್ಸಾಸ್ಟ್ ಫ್ಯಾನ್ ಓಡಲಿ.
- ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿ, ಹಿಂದೆ ಗಾಳಿಯಾಡಲಿ.
- ಬಿಸಿಲು ಬಂದಾಗ ಎದುರುಬದುರಿನ ಕಿಟಕಿ, ಬಾಗಿಲು ತೆರೆಯಿರಿ.
- ಮಳೆ ಬಿಡದ ದಿನಗಳಲ್ಲಿ ಹೊರಗಿನ ಗಾಳಿಯೇ ಒದ್ದೆ. ಎಸಿ ಅಥವಾ ಡಿಹ್ಯೂಮಿಡಿಫೈಯರ್ ಇದ್ದರೆ ಆಗ ಕಿಟಕಿ ಮುಚ್ಚಿ ಓಡಿಸಿ.
- ಗೋಡೆ, ಸೂರು ಸೋರುತ್ತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ.

ಇದು ಬರೀ ಮುಗ್ಗಲು ವಾಸನೆಯ ಪ್ರಶ್ನೆಯಲ್ಲ. ತೇವ, ಬೂಷ್ಟು ಇರುವ ಮನೆಗಳಲ್ಲಿ ಉಬ್ಬಸ, ಉಸಿರಾಟದ ತೊಂದರೆ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೇ ಹೇಳಿದೆ. ಉಪ್ಪನ್ನು ನಂಬಿ ಕೂತರೆ ಬೂಷ್ಟು ಬೆಳೆಯುತ್ತಲೇ ಇರುತ್ತದೆ. ಈ ಫಾರ್ವರ್ಡ್ ನಿಮಗೂ ಬಂದರೆ, ಕಳಿಸಿದವರಿಗೆ ಇಷ್ಟನ್ನು ತಿಳಿಸಿ.