ಕಾಯಕವೆಂದರೆ ಕಾಯವನ್ನು ಸುಡುವುದಲ್ಲ



ಪೀಣ್ಯದ ಕಾರ್ಖಾನೆಯಲ್ಲೋ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯಲ್ಲೋ ದುಡಿಯುವ ಮಗನಿಗೆ ಬೆನ್ನುನೋವು ಬಂದರೆ ಮೂಳೆ ಡಾಕ್ಟರ ಬಳಿ ಓಡುತ್ತೇವೆ. ಅದೇ ಮಗ, ತಿಂಗಳುಗಳಿಂದ ನಿದ್ದೆಯಿಲ್ಲ, ಯಾವುದೂ ಬೇಡವೆನಿಸುತ್ತಿದೆ ಎಂದರೆ ಗ್ರಹಚಾರ ಕೇಳಿಸುತ್ತೇವೆ. ಇಲ್ಲವೇ, ಕಾಯಕದಲ್ಲಿ ಮನಸ್ಸಿಡು, ಎಲ್ಲ ಸರಿಹೋಗುತ್ತದೆ ಎಂದು ಉಪದೇಶ ಮಾಡುತ್ತೇವೆ. ಮೊದಲನೆಯದು ಶರಣರು ತಿರಸ್ಕರಿಸಿದ ಹಳೆಯ ಮೌಢ್ಯ. ಎರಡನೆಯದು ಶರಣರ ಹೆಸರಿನಲ್ಲೇ ನಾವು ಹುಟ್ಟುಹಾಕಿದ ಹೊಸ ಮೌಢ್ಯ. ಇದೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ವಾದ.

ನಾನು ಸರ್ಕಾರಿ ಇಂಜಿನಿಯರ್ ಆಗಿ ನಿವೃತ್ತನಾದವನು. ಒಂದು ಸಲದ ಭಾರವನ್ನು ಸಲೀಸಾಗಿ ಹೊರುವ ಉಕ್ಕು, ಅದೇ ಭಾರ ಲಕ್ಷಾಂತರ ಸಲ ಬಿದ್ದು ಎದ್ದರೆ ಒಳಗೊಳಗೇ ಬಿರುಕು ಬಿಟ್ಟು ಒಂದು ದಿನ ತಟ್ಟನೆ ಮುರಿಯುತ್ತದೆ. ನಮ್ಮ ಶಾಸ್ತ್ರ ಇದನ್ನು 'ಫಟೀಗ್' ಎನ್ನುತ್ತದೆ, ಅಂದರೆ ದಣಿವು. ಉಕ್ಕಿನ ಬಿರುಕು ತಾನಾಗಿ ಕೂಡುವುದಿಲ್ಲ. ಮನುಷ್ಯ ನಿದ್ದೆ, ವಿಶ್ರಾಂತಿಯಿಂದ ಚೇತರಿಸಿಕೊಳ್ಳಬಲ್ಲ. ಆ ನಿದ್ದೆಯನ್ನೇ ಕಿತ್ತುಕೊಂಡರೆ ಉಳಿಯುವುದೇನು?

ಕಿತ್ತುಕೊಳ್ಳುವ ಕೆಲಸ ಕಾನೂನಿನ ಮೂಲಕವೇ ನಡೆದಿದೆ. 2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳ ಓವರ್‌ಟೈಮ್ ಮಿತಿ 75 ಗಂಟೆಯಿಂದ 145ಕ್ಕೆ ಏರಿತು. 2024ರಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆಯ ಪ್ರಸ್ತಾವ ಬಂತು, ನೌಕರರ ಸಂಘ ಬೀದಿಗಿಳಿದು ಪ್ರತಿಭಟಿಸಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೇಳಿದ್ದನ್ನು ಕೇಳಿ: ವಾರಕ್ಕೆ 35-40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದಯಾಘಾತದಂಥ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು.

ನಮ್ಮಪ್ಪ ಹೊಲದಲ್ಲಿ ಇದಕ್ಕಿಂತ ಹೆಚ್ಚು ದುಡಿಯುತ್ತಿರಲಿಲ್ಲವೇ ಎಂದು ನನ್ನ ವಯಸ್ಸಿನವರು ಕೇಳುತ್ತಾರೆ. ದುಡಿಯುತ್ತಿದ್ದರು. ಆದರೆ ಹೊತ್ತು ಮುಳುಗಿದರೆ ನೇಗಿಲು ಮನೆಗೆ ಬರುತ್ತಿತ್ತು, ಹಾಸಿಗೆಗೆ ಬರುತ್ತಿರಲಿಲ್ಲ. ಇಂದು ಮೊಬೈಲು ಹಾಸಿಗೆಗೂ ಬರುತ್ತದೆ.

ತನು ಬೇರೆ, ಮನ ಬೇರೆ ಎನ್ನುವುದೇ ತಪ್ಪು. ನಿದ್ದೆಗೆಟ್ಟರೆ ರಕ್ತದೊತ್ತಡ, ಸಕ್ಕರೆ ಏರುತ್ತವೆ, ಮನಸ್ಸೂ ಕುಸಿಯುತ್ತದೆ. ಮನಸ್ಸು ಕುಸಿದವನು ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಮರೆಯುತ್ತಾನೆ. ಥೈರಾಯ್ಡ್ ಕಡಿಮೆಯಾದರೂ ಖಿನ್ನತೆ ಬರಬಹುದು. ಬಿ12 ಕೊರತೆಯಿಂದಲೂ ಬರಬಹುದು, ಅದು ಸಸ್ಯಾಹಾರಿಗಳಾದ ನಮ್ಮಲ್ಲಿ ಸಾಮಾನ್ಯ. ಒಂದು ರಕ್ತಪರೀಕ್ಷೆಯಿಂದ ತಿಳಿಯುವುದನ್ನು ಗ್ರಹಗಳ ಮೇಲೆ ಹೊರಿಸುವುದು ಯಾವ ಬಸವಧರ್ಮ?

ಕಾಯಕಕ್ಕೆ ಮಿತಿಯಿಲ್ಲ ಎನ್ನುವವರು ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಲಿ. ಪತಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದ ತಾಯಿ ಆಕೆ. ಸಾಕು ಎನ್ನುವ ಅಳತೆ ಕಾಯಕದ ಒಳಗೇ ಇದೆ. ಯಾರದೋ ಲಾಭದ ಲೆಕ್ಕಕ್ಕೆ ಮೈಮನ ಸುಟ್ಟುಕೊಳ್ಳುವುದು ಕಾಯಕವಲ್ಲ, ಜೀತ. ಅದಕ್ಕೆ ವೇದಿಕೆಯ ಮೇಲಿಂದ ಕಾಯಕವೆಂಬ ಹೆಸರಿಟ್ಟು ಹರಸುವುದನ್ನು ನಾವು ನಿಲ್ಲಿಸಬೇಕು.

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮಾನಸಿಕ ಕಾಯಿಲೆಯುಳ್ಳವರಲ್ಲಿ ಚಿಕಿತ್ಸೆ ಸಿಗದವರ ಪಾಲು, ಕಾಯಿಲೆಗೆ ತಕ್ಕಂತೆ, ಶೇ 70ರಿಂದ 92. ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತನಾಡುತ್ತಾರೆ. ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಇಷ್ಟಿದ್ದೂ ಜನರನ್ನು ತಡೆಯುವುದು ನಾಚಿಕೆ. ಆ ನಾಚಿಕೆಯನ್ನು ಕಳೆಯುವ ಶಕ್ತಿ ಮಠಗಳಿಗಿದೆ.

ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟೇ. ಸಿದ್ಧಗಂಗೆ, ಸುತ್ತೂರಿನಂಥ ಮಠಗಳು ವೈದ್ಯಕೀಯ ಕಾಲೇಜುಗಳನ್ನೇ ಕಟ್ಟಿವೆ. ಬಸವ ಜಯಂತಿಯ ಆರೋಗ್ಯ ಶಿಬಿರದಲ್ಲಿ ಬಿ.ಪಿ. ನೋಡುವ ಮೇಜಿನ ಪಕ್ಕದಲ್ಲೇ ಮನೋವೈದ್ಯರನ್ನೂ ಕೂರಿಸಿ. ಪ್ರವಚನದಲ್ಲಿ, ಇಷ್ಟಲಿಂಗ ಪೂಜೆ ಮನಸ್ಸಿಗೆ ಬಲ, ಆದರೆ ಔಷಧಿಗೆ ಬದಲಿಯಲ್ಲ ಎಂದು ಬಾಯಿಬಿಟ್ಟು ಹೇಳಿ. ದಿನಕ್ಕೆ 12, 14 ಗಂಟೆ ದುಡಿಸುವ ಮಾತು ಬಂದಾಗ ಕಾರ್ಮಿಕರ ಪರ ನಿಲ್ಲಿ. ದುಡಿಯುವವರ ಮೈಮನ ಕಾಯುವುದೂ ದಾಸೋಹವೇ.